ಲಗ್ನದ ಲೆಕ್ಕದಲ್ಲಿ ಜೋಡಿಸಿದ ಫೋಟೋಗಳು

ಬೆಟಗೇರಿಯ ನಮ್ಮ ತವರುಮನೆ ಕೆಡವಿ ಹೊಸದು ಕಟ್ಟಬೇಕು ಅಂತ ಅಣ್ಣ ತೀರ್ಮಾನ ಮಾಡಿದ್ದು ಸರಿಯಾಗಿ ಮಳೆಗಾಲದ ಬಾಗಿಲಲ್ಲಿ. ಈಗ ಯಾರಾದರೂ ಮನೆ ಕೆಡವುತ್ತಾರಾ ಅಂದರೆ, ಗೌಂಡಿ ಸಿಕ್ಕಾಗ ಕೆಡವಬೇಕು, ಮಳೆ ನೋಡಿಕೊಂಡು ಕೂತರೆ ಆಗಲ್ಲ ಅಂದ. ಹೀಗಾಗಿ ಮನೆ ಮುಗಿಯುವ ತನಕ ಅವ್ವ ಧಾರವಾಡಕ್ಕೆ, ನಮ್ಮ ಸಪ್ತಾಪುರದ ಮನೆಗೆ ಬಂದಳು. ಅವಳ ಹಿಂದೆ ಒಂದು ಗೂಡ್ಸ್ ಗಾಡಿಯಲ್ಲಿ ಹೊಲಿಗೆ ಮಷೀನು, ಎರಡು ಹಿತ್ತಾಳೆ ಕೊಡ, ಒಂದು ಕಬ್ಬಿಣದ ಟ್ರಂಕು ಬಂದವು.

ಟ್ರಂಕಿನಲ್ಲಿ ಹಳೆ ಸೀರೆ ಇರಬೇಕು ಅಂದುಕೊಂಡಿದ್ದೆ. ತೆಗೆದರೆ ಬರೀ ಫೋಟೋ. ಹದಿನಾಲ್ಕು ಆಲ್ಬಮ್, ಸ್ಟುಡಿಯೋದವರ ಹಳದಿ ಲಕೋಟೆಗಳು, ನೆಗೆಟಿವ್ ಸುರುಳಿಗಳು, ಲಗ್ನಪತ್ರಿಕೆಗಳ ನಡುವೆ ಸಿಕ್ಕಿಕೊಂಡ ಪಾಸ್‌ಪೋರ್ಟ್ ಸೈಜಿನ ಮುಖಗಳು, ಗೋಡೆಯಿಂದ ಇಳಿಸಿ ಟಾವೆಲಿನಲ್ಲಿ ಸುತ್ತಿದ ಮೂರು ಕಟ್ಟಿನ ಫೋಟೋ. ಮೇಲೆ ಒಂದು ಹಿಡಿ ಡಾಂಬರ್ ಗುಳಿಗೆ. ವಾಸನೆಗೆ ತಲೆ ಗಿಮ್ಮೆಂದಿತು.

ನಾನು ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಫೈಲು ಜೋಡಿಸುವ ಕೆಲಸ ಮಾಡಿದವಳು. ಇದೇನು ದೊಡ್ಡ ಮಾತು, ನಾಲ್ಕು ರವಿವಾರದ ಕೆಲಸ ಅಂದುಕೊಂಡೆ. ಎಂಟು ತಿಂಗಳು ಹಿಡಿಯಿತು.

ಮೊದಲ ರವಿವಾರ ಪಡಸಾಲೆಯಲ್ಲಿ ಜಮಖಾನ ಹಾಸಿ, ಚೀಟಿಗಳ ಮೇಲೆ 1960, 1970, 1980 ಅಂತ ಬರೆದು ಇಟ್ಟೆ. ವರ್ಷದ ಪ್ರಕಾರ ಗುಡ್ಡೆ ಹಾಕುವುದು ನನ್ನ ಯೋಜನೆ. ಕರೆಂಟ್ ಹೋಗಿತ್ತು, ಕಿಟಕಿ ಬೆಳಕಿನಲ್ಲೇ ಕೂತು ಎರಡೂವರೆ ತಾಸು ಆರಿಸಿದೆ. ಹೆಚ್ಚುಕಡಿಮೆ ಅರ್ಧ ಟ್ರಂಕು ಖಾಲಿ ಆಗಿತ್ತು. ಅಷ್ಟರಲ್ಲಿ ಕರೆಂಟ್ ಬಂತು. ಫ್ಯಾನಿನ ಸ್ವಿಚ್ಚು ಆರಿಸಿರಲಿಲ್ಲ. ಅರವತ್ತರ ದಶಕ ಹೋಗಿ ಸೋಫಾದ ಕೆಳಗೆ ಕೂತಿತು, ತೊಂಬತ್ತರದ್ದು ಅಡುಗೆಮನೆ ಹೊಸ್ತಿಲು ದಾಟಿತು.

ಅವ್ವ ಅಲ್ಲೇ ಕಾಟಿನ ಮೇಲೆ ಕೂತು ಅವರೆಕಾಳು ಸುಲಿಯುತ್ತಿದ್ದಳು. ನಕ್ಕಳು. ಆಮೇಲೆ ಒಂದೊಂದೇ ಆರಿಸಿ ಕೊಡುತ್ತ ಕೇಳಿದಳು: "ಇದನ್ಯಾಕ ಎಂಬತ್ತರಾಗ ಇಟ್ಟಿದ್ದಿ?"

"ಬಣ್ಣದ್ದು ಐತಲ್ಲವಾ, ಅದಕ್ಕ."

"ನಿಮ್ಮ ಸಣ್ಣ ಕಾಕಾನ ಲಗ್ನ ಆಗಿಲ್ಲ ಇನ್ನ. ನೋಡು, ಅಂವಗ ಮೀಸಿನ ಬಂದಿಲ್ಲ. ನಿಮ್ಮ ಅತ್ತಿ ಲಗ್ನ ಆಗೇತಿ, ಕೊಳ್ಳಾಗ ತಾಳಿ ಐತಿ. ಅವೆರಡರ ನಡಕಿಂದು ಇದು."

ವರ್ಷ ಯಾವುದವಾ ಅಂದರೆ ಗೊತ್ತಿಲ್ಲ. ಅವ್ವನಿಗೆ ಇಸವಿ ಲೆಕ್ಕವೇ ಇಲ್ಲ. ಆದರೆ ಮನೆಯ ಏಳು ಲಗ್ನಗಳ ಲೆಕ್ಕ ಪಕ್ಕಾ ಇದೆ. ಯಾವುದೇ ಫೋಟೋ ಕೊಟ್ಟರೂ ಯಾರ ಲಗ್ನದ ಹಿಂದೆ, ಯಾರ ಲಗ್ನದ ಮುಂದೆ ಅಂತ ಅರ್ಧ ನಿಮಿಷದಲ್ಲಿ ಹೇಳುತ್ತಾಳೆ. ನಾನು ಚೀಟಿಗಳನ್ನು ಹರಿದು ಹೊಸದು ಬರೆದೆ. ಅವ್ವ-ಅಪ್ಪನ ಲಗ್ನ, ಅತ್ತಿ ಲಗ್ನ, ಸಣ್ಣ ಕಾಕಾನ ಲಗ್ನ, ದೊಡ್ಡಕ್ಕನ ಲಗ್ನ, ಅಣ್ಣನದು, ನನ್ನದು, ಕೊನೆಗೆ ಅಣ್ಣನ ಮಗಳದ್ದು. ಏಳು ಚೀಟಿ ಸಾಲಾಗಿ ಇಟ್ಟು ಕಲ್ಲು ಹೇರಿದೆ. ಉಳಿದದ್ದೆಲ್ಲ ಅವುಗಳ ನಡುವೆ ಹೋಗಿ ಕೂತಿತು. ತೊಟ್ಟಿಲು, ಜವಳ, ಕುಬಸ ಅಂದರೆ ಸೀಮಂತ, ಮನೆ ಶಾಂತಿ, ಎಳ್ಳು ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿದ್ದು, ಎಲ್ಲಾ.

ಹಾಗಂತ ಇಸವಿ ಪೂರ್ತಿ ಬಿಡಲಿಲ್ಲ. ನಮ್ಮ ಮಕ್ಕಳಿಗೆ ಅಂಕಿ ಬೇಕು. ಅದನ್ನು ಹುಡುಕುವ ಕೆಲಸ ನನಗೆ ಬಂತು. ಇದರಲ್ಲಿ ಮಜಾ ಇದೆ, ಸುಳ್ಳು ಹೇಳಲ್ಲ. ಫೋಟೋದಲ್ಲಿ ಮುಖ ನೋಡಬಾರದು, ಮುಖದ ಹಿಂದೆ ಏನಿದೆ ಅಂತ ನೋಡಬೇಕು. ಹಿಂಬದಿಯ ಬೋರ್ಡಿನಲ್ಲಿ 'ಮೈಸೂರು ರಾಜ್ಯ' ಅಂತಿದ್ದರೆ ಆ ಬೋರ್ಡು 1973ರ ನವೆಂಬರ್‌ಗಿಂತ ಹಿಂದಿನದು, ಆಮೇಲೆ ರಾಜ್ಯದ ಹೆಸರು ಕರ್ನಾಟಕ ಆಯಿತು. ಫೋಟೋದ ಬೆನ್ನಿಗೆ ಸ್ಟುಡಿಯೋದ ರಬ್ಬರ್ ಸ್ಟಾಂಪಿನಲ್ಲಿ 'ಗದಗ, ಜಿಲ್ಲಾ ಧಾರವಾಡ' ಅಂತ ಇದ್ದರೆ ಬಹುತೇಕ 1997ರ ಒಳಗಿನದು. ಆ ವರ್ಷವೇ ಅಲ್ಲವಾ ಗದಗ, ಹಾವೇರಿ ಬೇರೆ ಜಿಲ್ಲೆ ಆದದ್ದು. ಬಹುತೇಕ ಅಂದೆ, ಯಾಕೆಂದರೆ ಸ್ಟಾಂಪು ಸವೆಯುವ ತನಕ ಯಾರೂ ಹೊಸದು ಮಾಡಿಸಲ್ಲ. ಸ್ಕೂಟರಿನ ನಂಬರು 'ಕೆಎ' ಅಂತ ಶುರುವಾದರೆ 1989ರ ಈಚಿನದು. ಹುಬ್ಬಳ್ಳಿ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ ಇಂಗ್ಲಿಷ್ ಹೆಸರು ಬರೀ ಐದಕ್ಷರ, HUBLI ಅಂತ ಇದ್ದರೆ ಬಹುತೇಕ 2014ರದ್ದು ಇಲ್ಲವೇ ಅದಕ್ಕೂ ಮೊದಲಿನದು. ಕನ್ನಡದಲ್ಲಿ ಅದು ಎಂದಿಗೂ ಹುಬ್ಬಳ್ಳಿಯೇ.

ಗುಡ್ಡದ ಫೋಟೋದ್ದು ಒಂದು ಜಗಳವೇ ಆಯಿತು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ಬಸ್ಸಿನ ಮುಂದೆ ಮನೆಮಂದಿಯೆಲ್ಲ ನಿಂತು ತೆಗೆಸಿಕೊಂಡದ್ದು. ಅಣ್ಣ ಫೋನಿನಲ್ಲಿ, ಅದು 1995, ನನಗೆ ಚೆನ್ನಾಗಿ ನೆನಪಿದೆ, ನನ್ನ ಲಗ್ನಕ್ಕೆ ಮೊದಲು ಹೋಗಿದ್ದು ಅಂತ ಹಟ ಹಿಡಿದ. ನಾನು ಭೂತಗನ್ನಡಿ ಹಿಡಿದು ನೋಡಿದೆ. ಅಪ್ಪನ ಭುಜದ ಹಿಂದೆ, ಬಸ್ಸಿನ ಮೈಮೇಲೆ 'ವಾಯವ್ಯ ಕ' ಅಂತ ಅಷ್ಟೇ ಕಾಣುತ್ತಿತ್ತು. ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆ ಬೇರೆ ಆದದ್ದೇ 1997ರ ನವೆಂಬರ್ 1ರಂದು. 95ರಲ್ಲಿ ಆ ಅಕ್ಷರ ಎಲ್ಲಿಂದ ಬರಬೇಕು? ಅವ್ವನಿಗೆ ತೋರಿಸಿದೆ. ಅವಳು ಬಸ್ಸು ನೋಡಲೇ ಇಲ್ಲ. "ನಿಮ್ಮ ವೈನಿ ಕೈಯಾಗ ಕೂಸು ಐತಿ. ಲಗ್ನದಕಿಂತ ಮೊದಲ ಹೆಂಗ ಆಗತೈತಿ?" ಅಂದಳು. ಅಣ್ಣ ಫೋನ್ ಇಟ್ಟ.

ಇನ್ನು ಆಲ್ಬಮ್‌ಗಳ ಮಾತು. ನಮ್ಮಲ್ಲಿದ್ದ ಎಲ್ಲಕ್ಕಿಂತ ಹಳೆಯ ಆಲ್ಬಮ್ಮೇ ಎಲ್ಲಕ್ಕಿಂತ ಚೆನ್ನಾಗಿತ್ತು. ಕಪ್ಪು ದಪ್ಪ ಹಾಳೆ, ನಡುವೆ ಜೇಡರಬಲೆ ಚಿತ್ತಾರದ ಬೆಣ್ಣೆ ಕಾಗದ, ನಾಲ್ಕೂ ಮೂಲೆಗೆ ಸಣ್ಣ ಕಾಗದದ ಚೀಲ. ಫೋಟೋಕ್ಕೆ ಅಂಟೇ ತಾಗಿಲ್ಲ. ಸೋದರಮಾವ ಅಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ತೆಗೆದ ಚೌಕದ ಫೋಟೋಗಳು ಅದರಲ್ಲಿವೆ. ಒಂದು ರೀಲಿಗೆ ಹನ್ನೆರಡೇ ಚಿತ್ರ. ಅದಕ್ಕೇ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಮಗ್ಗದ ಮುಂದೆ ಕೂತ ಅಜ್ಜನ ಫೋಟೋದಲ್ಲಿ ಲಾಳಿಯ ದಾರವೂ ಎಣಿಸುವ ಹಾಗಿದೆ. ಕಪ್ಪು-ಬಿಳುಪು ಫೋಟೋದಲ್ಲಿ ಚಿತ್ರ ಮೂಡಿರುವುದು ಬೆಳ್ಳಿಯ ಕಣದಲ್ಲಿ, ಅದು ಬಾಳಿಕೆ ಬರುತ್ತದೆ. ಎಂಬತ್ತರ ದಶಕದ ಬಣ್ಣದ ಫೋಟೋದಲ್ಲಿ ಇರುವುದು ಬರೀ ರಂಗು. ಕತ್ತಲಲ್ಲಿ ಇಟ್ಟರೂ ಅದರ ನೀಲಿ ಅಂಶ ಮೊದಲು ಇಳಿದುಹೋಗುತ್ತದೆ. ಹಾಗಾಗಿ ದೊಡ್ಡಕ್ಕನ ಲಗ್ನದಲ್ಲಿ ಎಲ್ಲರೂ ಕುಂಕುಮದ ನೀರಲ್ಲಿ ಮಿಂದು ಬಂದವರ ಹಾಗಿದ್ದಾರೆ.

ದೊಡ್ಡಕ್ಕನ ಲಗ್ನದ ಆಲ್ಬಮ್ಮೇ ನನ್ನನ್ನು ಅಳಿಸಿದ್ದು. ಆ ಕಾಲದಲ್ಲಿ ಹೊಸದಾಗಿ ಬಂದಿದ್ದ ಅಂಟು ಹಾಳೆಯ ಆಲ್ಬಮ್ ಅದು. ಹಾಳೆಯ ಮೇಲೆ ಗೆರೆಗೆರೆಯಾಗಿ ಅಂಟು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಆಗ ಅದೇ ಭಾರೀ ಶ್ರೀಮಂತಿಕೆ ಅನಿಸಿತ್ತು. ಈಗ ಅಂಟು ಹಳದಿಯಾಗಿ, ಫೋಟೋ ಹಾಳೆಗೆ ಬೆಸೆದು ಕೂತಿದೆ. ಮೊದಲನೆಯದನ್ನು ಸ್ಟೀಲ್ ಪಟ್ಟಿ ತೂರಿಸಿ ಎಬ್ಬಿಸಲು ನೋಡಿದೆ. ಫೋಟೋ ಬಂತು. ಕಾಕುವಿನ ಮೊಣಕೈ ಆಲ್ಬಮ್‌ನಲ್ಲೇ ಉಳಿಯಿತು.

ಎರಡು ದಿನ ಅದನ್ನು ಮುಟ್ಟಲಿಲ್ಲ. ಆಮೇಲೆ ಔಷಧ ಅಂಗಡಿಯಿಂದ ಹಲ್ಲಿನ ಸಂದಿ ತಿಕ್ಕುವ ಮೇಣದ ದಾರ ತಂದೆ. ಎರಡೂ ಕೈಯ ಬೆರಳಿಗೆ ಸುತ್ತಿಕೊಂಡು, ಫೋಟೋದ ಒಂದು ಮೂಲೆಯ ಕೆಳಗೆ ದಾರ ಇಳಿಸಿ, ಗರಗಸದ ಹಾಗೆ ಆಚೆ ಈಚೆ ಎಳೆಯುತ್ತ ಹೋಗಬೇಕು. ಫೋಟೋವನ್ನು ಎತ್ತಬಾರದು, ಅದು ಚಪ್ಪಟೆಯಾಗಿಯೇ ಇರಬೇಕು. ಅಂಟಿನ ಗೆರೆ ಬಂದಾಗ ದಾರ ಗಟ್ಟಿಯಾಗಿ ಹಿಡಿಯುತ್ತದೆ, ಗೆರೆ ದಾಟಿದ ಮೇಲೆ ಸರ್ರನೆ ಜಾರುತ್ತದೆ. ಒಂದು ಫೋಟೋಕ್ಕೆ ಐದಾರು ನಿಮಿಷ. ಬೆರಳು ಕೆಂಪಗಾಗುತ್ತಿತ್ತು. ನೂರಾ ನಾಲ್ಕರಲ್ಲಿ ತೊಂಬತ್ತೊಂದು ಬಂದವು. ಉಳಿದವನ್ನು ಹಠ ಮಾಡದೆ ಹಾಳೆಯ ಸಮೇತ ಸ್ಕ್ಯಾನ್ ಮಾಡಿದೆ.

ಗಾಜಿಗೆ ಅಂಟಿದ ಅಜ್ಜನ ಕಟ್ಟಿನ ಫೋಟೋಕ್ಕೂ ಇದೇ ನ್ಯಾಯ. ಗೋಡೆಯ ಹಸಿಗೆ ಫೋಟೋದ ಮೇಲ್ಮೈ ಕರಗಿ ಗಾಜನ್ನು ಹಿಡಿದಿತ್ತು. ಕಿತ್ತರೆ ಮುಖ ಗಾಜಿಗೇ ಹೋಗುತ್ತದೆ. ಹಿಂದಿನ ಮೊಳೆ, ರಟ್ಟು ತೆಗೆದು, ಗಾಜಿನ ಸಮೇತ ಹಾಗೇ ಸ್ಕ್ಯಾನರಿನ ಮೇಲೆ ಬೋರಲು ಹಾಕಿದೆ. ಒಳ್ಳೆಯದೇ ಬಂತು.

ಸ್ಕ್ಯಾನರ್ ಕೊಂಡದ್ದಕ್ಕೂ ಒಂದು ಕಾರಣ ಇದೆ. ಮೊದಲು ಎರಡು ಆಲ್ಬಮ್ ಹುಬ್ಬಳ್ಳಿಯ ಒಂದು ಅಂಗಡಿಗೆ ಕೊಟ್ಟಿದ್ದೆ. ವಾರದ ಮೇಲೆ ಪೆನ್‌ಡ್ರೈವ್ ಕೊಟ್ಟರು. ಎಲ್ಲರ ಮುಖಕ್ಕೂ ಪೌಡರ್ ಬಳಿದ ಹಾಗಿತ್ತು, ಮಷೀನೇ 'ಸುಂದರ' ಮಾಡಿದ್ದಂತೆ. ಅಜ್ಜಿಯ ಹಣೆಯ ಹಚ್ಚೆಯನ್ನು ಕಲೆ ಅಂದುಕೊಂಡು ಅಳಿಸಿಬಿಟ್ಟಿತ್ತು! ಅಂಚು ಕತ್ತರಿಸಿದ್ದರು. ಬೆನ್ನಿನ ಬರಹ ಒಂದೂ ಇಲ್ಲ. ಫೋಟೋಗಳೂ ಕಲಸಿಹೋಗಿ ವಾಪಸ್ ಬಂದವು. ಸರಿ, ಐದು ಸಾವಿರದ ಆಸುಪಾಸಿನ ಒಂದು ಸಾದಾ ಸ್ಕ್ಯಾನರ್ ತಂದು ಮೇಜಿನ ಮೇಲೆ ಇಟ್ಟೆ.

ಅಂಚೆ ಕಾರ್ಡಿನ ಅಳತೆಯ, ಅಂದರೆ 4 ಇಂಚು 6 ಇಂಚಿನ ಫೋಟೋಗಳನ್ನು 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕೆಯ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿದೆ. ಲೆಕ್ಕ ಹಾಕಿ, 2400 ಗುಣಿಸು 3600, ಸುಮಾರು 86 ಲಕ್ಷ ಚುಕ್ಕೆ. ಬೇಕಾದರೆ ಎರಡು ಪಟ್ಟು ದೊಡ್ಡದು ಮಾಡಿ ಕಟ್ಟು ಹಾಕಿಸಬಹುದು. ಬರೀ ಅದೇ ಅಳತೆಗೆ ಮತ್ತೆ ಪ್ರಿಂಟ್ ಬೇಕು ಅಂದರೆ 300 ಸಾಕು. ಮಾವನ ಚೌಕದ ಸಣ್ಣ ಫೋಟೋಗಳಿಗೆ, ಪಾಸ್‌ಪೋರ್ಟ್ ಸೈಜಿಗೆ 1200. ಅದಕ್ಕಿಂತ ಮೇಲೆ ಹೋದರೆ ಕಾಗದದ ನಾರು ಕಾಣುತ್ತದೆ, ಅಜ್ಜ ಜಾಸ್ತಿ ಕಾಣಲ್ಲ. ಸ್ಕ್ಯಾನರಿನ 'ಬಣ್ಣ ಸರಿಪಡಿಸು' ಗುಂಡಿ ಒತ್ತಿದರೆ ಕುಂಕುಮದ ನೀರು ಎಷ್ಟೋ ಇಳಿಯುತ್ತದೆ. ಆದರೆ ಸರಿಪಡಿಸದ ಮೂಲವನ್ನೂ ಇಟ್ಟುಕೊಂಡೆ. ಹಚ್ಚೆಯ ಪಾಠ ಅದು.

ಬೆನ್ನಿನಲ್ಲಿ ಬರಹ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿದೆ. ಅಪ್ಪನ ಮೋಡಿ ಅಕ್ಷರ. "ಬಾಕಿ 15 ರೂ. ಕೊಡುವುದಿದೆ" ಅಂತ ಒಂದರ ಹಿಂದೆ ಇದೆ. ಯಾರಿಗೆ ಅಂತ ಅವ್ವನಿಗೂ ಗೊತ್ತಿಲ್ಲ. ನಾನು ಹೊಸದಾಗಿ ಹೆಸರು ಬರೆಯುವಾಗ ಬಾಲ್‌ಪೆನ್ನು ಮುಟ್ಟಲಿಲ್ಲ, ಒತ್ತಿದ್ದು ಮುಖದ ಕಡೆ ಉಬ್ಬಿ ಕಾಣುತ್ತದೆ. ಹಳೆಯ ಕಾಗದದ ಫೋಟೋಕ್ಕೆ ಮೆತ್ತನೆಯ ಪೆನ್ಸಿಲ್. ಈಚಿನ ನುಣುಪು ಫೋಟೋದ ಬೆನ್ನು ಪ್ಲಾಸ್ಟಿಕ್, ಅದರ ಮೇಲೆ ಪೆನ್ಸಿಲ್ ಹತ್ತಲ್ಲ. ಅವುಗಳ ಹೆಸರನ್ನು ಲಕೋಟೆಯ ಮೇಲೆ ಬರೆದೆ, ಅದೂ ಫೋಟೋ ಒಳಗೆ ಹಾಕುವ ಮೊದಲು.

ಕಂಪ್ಯೂಟರಿನಲ್ಲೂ ಲಗ್ನದ ಲೆಕ್ಕವೇ. ಫೋಲ್ಡರಿನ ಹೆಸರು '04 ದೊಡ್ಡಕ್ಕನ ಲಗ್ನ ಗದಗ', ಅದರ ಮುಂದೆ ಗೊತ್ತಿದ್ದರೆ ಇಸವಿ. ಶುರುವಿನಲ್ಲಿ 04ರಂಥ ಅಂಕಿ ಇರದಿದ್ದರೆ ಕಂಪ್ಯೂಟರ್ ಅಕಾರಾದಿಯಲ್ಲಿ ಜೋಡಿಸಿ ಅಣ್ಣನ ಲಗ್ನವನ್ನು ಅವ್ವನ ಲಗ್ನಕ್ಕಿಂತ ಮೊದಲು ಮಾಡಿಬಿಡುತ್ತದೆ. ಫೋಟೋಗಳಿಗೆ ಮಾತ್ರ ಬರೀ ಅಂಕಿ, 04-017 ಹೀಗೆ. ಯಾಕೆಂದರೆ ನಮ್ಮ ಟಿವಿಗೆ ಪೆನ್‌ಡ್ರೈವ್ ಹಾಕಿದರೆ ಕನ್ನಡ ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿಗಳು ಬರುತ್ತವೆ. ಅಂಕಿ ಇದ್ದರೆ ಡಬ್ಬಿಯ ನಡುವೆಯೂ ದಾರಿ ಸಿಗುತ್ತದೆ.

ಟ್ರಂಕು ಮುಗಿಯಿತು ಅನ್ನುವ ಹೊತ್ತಿಗೆ ಗೊತ್ತಾಯಿತು, ಅದು ಸಣ್ಣ ಗುಡ್ಡ. ಟ್ರಂಕಿನಲ್ಲಿ ಇದ್ದದ್ದು ಎಣಿಸಿ 1,840. ನನ್ನ, ನಮ್ಮ ಮನೆಯವರ, ಮಗನ ಫೋನುಗಳಲ್ಲಿ ಸೇರಿ ಇಪ್ಪತ್ತೇಳು ಸಾವಿರದ ಮೇಲೆ. ಟ್ರಂಕು ಬೆಳೆಯಲ್ಲ, ಇದು ದಿನಾ ಬೆಳೆಯುತ್ತದೆ. ಅಣ್ಣನ ಮಗಳ ಕುಬಸದ್ದೇ ಮನೆಯ ವಾಟ್ಸಾಪ್ ಗುಂಪಿನಲ್ಲಿ ಆರುನೂರಾ ನಲವತ್ತು ಬಂದಿದ್ದವು. ಆರತಿಯ ಒಂದೇ ತಟ್ಟೆ ಹನ್ನೊಂದು ಸಲ.

ಇಲ್ಲೂ ಒಂದು ಎಡವಟ್ಟು ಮಾಡಿದೆ. ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಸುರಿದು, ದಿನಾಂಕದ ಪ್ರಕಾರ ಜೋಡಿಸು ಅಂದೆ. ನೋಡಿದರೆ ಹತ್ತು ವರ್ಷದ ಫೋಟೋಗಳಲ್ಲಿ ಸಾವಿರಾರು ಹಿಂದಿನ ಮಂಗಳವಾರವೇ ತೆಗೆದ ಹಾಗೆ ಕೂತಿವೆ. ಮಗ ಬಂದು ಬಿಡಿಸಿ ಹೇಳಿದ. ಫೈಲಿಗೆ ಒಂದು ದಿನಾಂಕ ಇರುತ್ತದೆ, ನಕಲು ಮಾಡುವಾಗ ಅದು ಬದಲಾಗಬಹುದು. ಫೋಟೋ ತೆಗೆದ ನಿಜವಾದ ದಿನಾಂಕವನ್ನು ಕ್ಯಾಮೆರಾ ಫೋಟೋದ ಒಳಗೇ ಬರೆದಿರುತ್ತದೆ, ಅದನ್ನು ಹಿಡಿದು ಜೋಡಿಸಬೇಕು. ಆದರೆ ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಬಂದ ಫೋಟೋದಲ್ಲಿ ಅದೂ ಇರಲ್ಲ. ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡಿ, ಒಳಗಿನ ವಿವರ ಉದುರಿಸಿ ಕಳಿಸುತ್ತದೆ. ಫೈಲಿನ ಹೆಸರಿನಲ್ಲಿರುವ ದಿನಾಂಕ ಅದು ಬಂದು ಮುಟ್ಟಿದ ದಿನದ್ದು. ಈಗ ಮನೆಯ ಗುಂಪಿನಲ್ಲಿ ಹೇಳಿಬಿಟ್ಟಿದ್ದೇನೆ, ಲಗ್ನದ ಫೋಟೋ ಕಳಿಸುವಾಗ 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸ್ರಿ ಅಂತ. ಇಬ್ಬರು ಕೇಳುತ್ತಾರೆ. ಉಳಿದವರು ಹೆಬ್ಬೆಟ್ಟು ಹಾಕಿ ಸುಮ್ನಾಗುತ್ತಾರೆ.

ಅಳಿಸುವುದೇ ದೊಡ್ಡ ಕೆಲಸ. ಶುಭೋದಯ, ದೇವರ ಫೋಟೋ, ಕರೆಂಟ್ ಬಿಲ್ಲು, ಅಂಗಡಿಯಲ್ಲಿ ತೆಗೆದ ಸೀರೆ, ಮೊದಲು ಇವು ಹೋದವು. ಆಮೇಲೆ ಒಂದು ಕಾರ್ಯಕ್ರಮಕ್ಕೆ ನಲವತ್ತು ಅಂತ ಮಿತಿ ಹಾಕಿದೆ. ಕೈ ನಡುಗುತ್ತದೆ, ಸುಳ್ಳಲ್ಲ. ಆದರೆ ಮಾವನ ಹನ್ನೆರಡರ ರೀಲು ನೆನೆಸಿಕೊಂಡರೆ ನಲವತ್ತು ಭಾಗ್ಯವೇ. ಗೂಗಲ್ ಫೋಟೋಸ್‌ನಲ್ಲಿ 2021ರ ಜೂನ್ 1ರಿಂದ ಹೊಸ ಫೋಟೋಗಳೆಲ್ಲ ಪುಕ್ಕಟೆಯ 15 ಜಿಬಿ ಲೆಕ್ಕಕ್ಕೆ ಸೇರುತ್ತವೆ. ಅದೂ ಮೇಲ್ ಎಲ್ಲ ಸೇರಿ. ಹಾಗಾಗಿ ಆರಿಸಿದ್ದು ಮಾತ್ರ ಅಲ್ಲಿ. ಒಂದು ಹಾರ್ಡ್ ಡಿಸ್ಕ್ ನಮ್ಮಲ್ಲಿ, ಅದರ ನಕಲು ಬೆಟಗೇರಿಯಲ್ಲಿ ಅಣ್ಣನ ಹತ್ತಿರ. ಸಿಡಿಯನ್ನು ನಂಬಿ ಕೂತವರಿಗೆ ಒಂದು ಮಾತು. 2006ರಲ್ಲಿ ಬರೆಸಿಟ್ಟ ನಾಲ್ಕು ಸಿಡಿಯಲ್ಲಿ ಎರಡು ಈಗ ಓದಲ್ಲ.

ಕಾಗದದ ಫೋಟೋಗಳು ಈಗ ಸ್ಟೀಲ್ ಕಪಾಟಿನ ನಡುವಿನ ಹಲಗೆಯಲ್ಲಿವೆ. ಹೊರಗೋಡೆಗೆ ತಾಗಿಸಿಲ್ಲ. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ಜುಲೈನಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಡಬ್ಬಿಗೊಂದು ಸಿಲಿಕಾ ಜೆಲ್ ಚೀಲ. ಡಾಂಬರ್ ಗುಳಿಗೆ ತೆಗೆದುಹಾಕಿದೆ, ಅದರ ಹಬೆ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ. ಅವ್ವ ಒಪ್ಪಲಿಲ್ಲ. ಒಣಗಿದ ಬೇವಿನ ಸೊಪ್ಪು ಬಟ್ಟೆಯಲ್ಲಿ ಕಟ್ಟಿ ಕೆಳಗಿನ ಹಲಗೆಯಲ್ಲಿ ಇಟ್ಟಿದ್ದಾಳೆ. ಇರಲಿ.

ಒಂದು ಲಕೋಟೆ ಮಾತ್ರ ಯಾವ ಲಗ್ನಕ್ಕೂ ಸೇರಲಿಲ್ಲ. ಅದರಲ್ಲಿ ಹದಿನೇಳು ಫೋಟೋ. ಎಷ್ಟು ಜನಕ್ಕೆ ತೋರಿಸಿದರೂ ಗುರುತು ಹತ್ತಲಿಲ್ಲ. ಅದರಲ್ಲಿ ಒಬ್ಬ ಹುಡುಗ ಸೈಕಲ್ ಹಿಡಿದು ನಿಂತಿದ್ದಾನೆ, ಹ್ಯಾಂಡಲ್ಲಿಗೆ ಹೂವಿನ ಮಾಲೆ, ಬಹುಶಃ ಆಯುಧ ಪೂಜೆ. "ಯಾರರ ಕೇಳಿಕೊಂಡ ಬಂದರ ಕೊಡೋಣು" ಅಂದಳು ಅವ್ವ, ಹಾಲಿನ ಪಾತ್ರೆ ಮರೆತು ಹೋದವರ ಬಗ್ಗೆ ಹೇಳುವ ಹಾಗೆ.

ಮೊನ್ನೆ ಅಣ್ಣನ ಮನೆ ಶಾಂತಿ ಮುಗಿಯಿತು. ಅವ್ವ ಹೊರಡುವ ಹಿಂದಿನ ರಾತ್ರಿ ಮಗನನ್ನು ಕರೆದು, "ನಿಮ್ಮ ದೊಡ್ಡವ್ವನ ಕುಬಸದ್ದು ತೋರಿಸು" ಅಂದಳು. ಅವನು ಟಿವಿಗೆ ಹಾಕಿ ಅರ್ಧ ನಿಮಿಷದಲ್ಲಿ ತೆಗೆದ. ನನಗೆ ಒಳಗೊಳಗೇ ಹೆಮ್ಮೆ. ಅವ್ವ ಕನ್ನಡಕ ಏರಿಸಿ ಎರಡು ಫೋಟೋ ನೋಡಿದಳು.

"ಇದು ಕುಬಸ ಅಲ್ಲಪಾ. ಹೊಟ್ಟಿ ಎಲ್ಲೈತಿ? ತೊಟ್ಟಲದ್ದು ಇದು. ಹಿಂದ ತೊಟ್ಟಲ ಕಾಣಾಕ ಹತ್ತಿಲ್ಲೇನು?"

ಹೌದು, ಸೀರೆಯ ಮರೆಯಲ್ಲಿ ತೊಟ್ಟಿಲ ಕಾಲು ಕಾಣುತ್ತಿತ್ತು. ಮಗ ನನ್ನ ಕಡೆ ನೋಡಿದ. ಪೆನ್‌ಡ್ರೈವ್ ಕಿತ್ತು, ಲ್ಯಾಪ್‌ಟಾಪ್ ತರಲು ಒಳಗೆ ಹೋದ.